ನೀಲಗಂಗವ್ವನ ಉದ್ರಿ

ಜಮಖಂಡಿ ಬಸ್‌ಸ್ಟ್ಯಾಂಡಿನ ಹಿಂದ
ನೀಲಗಂಗವ್ವನ ಖಾನಾವಳಿ.
ಮೂರು ತಿಂಗಳ ಊಟದ ಬಾಕಿ ನನ್ನ ತಲೀ ಮ್ಯಾಲ,
ಅದಕ್ಕ ಬದಲಿ ಒಂದು ಪೈಥಾನ್ ಪ್ರೋಗ್ರಾಮು.
ಎಣ್ಣಿ ಕುಡದ ಉದ್ರಿ ಪುಸ್ತಕ
ಈಗ ಒಂದು ಡಿಕ್ಷನರಿ:
ಎಡಕ್ಕ ಹೆಸರು, ನಡುವ ಎರಡು ಚುಕ್ಕಿ, ಬಲಕ್ಕ ರೊಕ್ಕ.

ಕೊಟ್ಟು ಮುಗಿಸಿದಾಂವನ ಹೆಸರು ತಗೀಬೇಕಲ್ಲ?
ಎರಡು ದಾರಿ ಅದಾವ, ಅಂದೆ.
ಡೆಲ್ ಅಂದ್ರ ಪಾಟಿ ಮ್ಯಾಲ
ಹಸೀ ಅರಬಿ ಎಳದಂಗ, ಏನೂ ಉಳಿಯಂಗಿಲ್ಲ.
ಪಾಪ್ ಅಂದ್ರ ಹಂಗಲ್ಲ,
ಹೆಸರು ಹೋಗೂಮುಂದ
ತನ್ನ ಅಂಕಿ ನಿನ್ನ ಕೈಯಾಗಿಟ್ಟು ಹೋಗತೈತಿ.
“ಆ ಪಾಪ ಅನ್ನೂದ ಇರಲಿ,” ಅಂದಳು
ರೊಟ್ಟಿ ತಿರುವಿ ಹಾಕಕೋತ,
“ಹೋಗಾಂವ ಹೇಳಿ ಹೋಗಬೇಕು.”

ಮೊದಲನೇ ಸಂಜಿ ಕೆಟ್ಟಿತು.
ಸಾಲಾಗಿ ಎಲ್ಲಾರನ್ನೂ ನೋಡಕೋತ
ಸೊನ್ನಿ ಇದ್ದಾಂವನ್ನ ಅಲ್ಲೇ ಕಿತ್ತೆ;
ನಡುವ ನಿಂತುಬಿಟ್ಟಿತು ಪ್ರೋಗ್ರಾಮು, ಕೆಂಪಗಾಗಿ,
ಎಣಸೂ ಹೊತ್ತಿನ್ಯಾಗ ಅಳತಿ ಬದಲಾತು ಅಂತ.
ಆಕಿಗೆ ಇದು ಹೊಸದಲ್ಲ.
“ಪಂಗ್ತಿ ನಡದಾಗ ಒಬ್ಬಾಂವ ಎದ್ದರ
ಬಡಸಾಕಿ ಲೆಕ್ಕ ತಪ್ಪತಾಳ.
ಮೊದಲ ಹೆಸರೆಲ್ಲಾ ಒಂದು ಚೀಟಿಗೆ ಬರಕೋ,
ಚೀಟಿ ನೋಡಿ ಎಬ್ಬಿಸು.”
ಲಿಸ್ಟ್ ಅಂತ ಒಂದು ಶಬ್ದ ಸುತ್ತಿದೆ. ನಡೀತು.

ಆಮ್ಯಾಲ ನನ್ನ ಪಾಳಿ.
ಸಂಗನಬಸು ಹುಣಶ್ಯಾಳ ಅಂತ ಹೊಡದೆ.
ಕೀ ಎರರ್.
ಅಡ್ಡೆಸರು ಬಿಟ್ಟು ಹೊಡದೆ. ಮತ್ತ ಅದ.
ಎರಡು ವರ್ಷ ಇಲ್ಲೇ ಉಂಡೀನಿ, ನಾನ ಇಲ್ಲ!
ಹೆಸರು ತುಂಬಿದಾಕಿ ಆಕಿ ಮಗಳು, ಅವ್ವ ಹೇಳಿದಂಗ:
ಮಜ್ಜಿಗಿ ಮಾಸ್ತರ. ಕಡಕ್ ರೊಟ್ಟಿ ಕಂಡಕ್ಟರ.
ಗುರೆಳ್ಳ ಹಿಂಡಿ ಒಲ್ಲೆ ಅನ್ನಾಂವ.
“ಅಂವನ ನೀನು,” ಅಂತ ನಕ್ಕಳು.
ನಾಲ್ಕು ಸಾವಿರದ ಎರಡು ನೂರಾ ಹತ್ತು
ಪರದೆ ಮ್ಯಾಲ ಒಂದು ಕ್ಷಣ ನಿಂತು ಹೋತು.

ಕಡೀಕ ಉಳದಾಂವ ಖಣದ ಗಂಟಿನ ಕಾಕಾ,
ಗುಳೇದಗುಡ್ಡದಿಂದ ವಾರಕ್ಕೊಮ್ಮೆ ಬರಾಂವ,
ಯುಗಾದಿ ಮುಂದ ತೀರಕೊಂಡ.
“ಇದನ್ನ ತಗೀಲೇನವ್ವ?”
ಅಂಕಿ ಮುಂದೊಂದು ಅಡ್ಡಗೀಟು, ಮೈನಸ್ ನೂರಾ ನಲವತ್ತು:
ಮುಂಗಡ ಕೊಟ್ಟು ಹೋಗ್ಯಾನ,
ಎರಡು ಊಟದ ಬಾಕಿ ಆಕೀದ.

ಒಲಿಯಾಗಿನ ಕಟಿಗಿ ಹಿಂದಕ್ಕ ಎಳದಳು.
“ಅಂವ ಕೊಡೂದಿದ್ದರ ತಗದುಬಿಡು ಅಂತಿದ್ದೆ.
ನಾ ಕೊಡೂದು ಅದು.”

ಈಗ ತಿಂಗಳ ಕಡೀಕ ಪ್ರೋಗ್ರಾಮು
ಬಾರದವರನ್ನೆಲ್ಲಾ ಎಬ್ಬಸತೈತಿ.
ನಡುವ ಒಂದ ಸಾಲು ಬರದೀನಿ ನಾನು:
ಈ ಹೆಸರು ಬಂದ್ರ
ದಾಟಿ ಹೋಗು.