ಹೆಸರು ಆಮೇಲೆ

ಬುಧವಾರ ನಸುಕು, ಐದೂವರೆ. ಎರಿ ಸರೋವರದ ಕಡೆಯಿಂದ
ಗಾಳಿ ಹಿಮವನ್ನು ಹೊತ್ತು ತಂದು ಗಾಜಿಗೆ ಎರಚುತ್ತಿದೆ.
ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ಕುರ್ಚಿ, ನಾಲ್ಕು ಯಂತ್ರ,
ನಾಲ್ಕು ಗಂಟೆ.
ಮರಿಬೆಲ್ ಎರಡನೆಯ ಸೂಜಿಗೆ ಟೇಪು ಅಂಟಿಸುವ ಮೊದಲೇ
ಕಾಜ್ಮರ್ಸ್ಕಿ ಶುರು ಹಚ್ಚಿಕೊಂಡ: "ಎಲ್ಲರನ್ನೂ ಮಾರಿಬಿಡಲಿ."

ಎಲ್ಲರನ್ನೂ ಅಂದರೆ ನಮ್ಮ ಹೇಸರಗತ್ತೆಗಳನ್ನು.
ತಂಡದ ಹೆಸರೇ ಅದು, ಬೈಗುಳವಲ್ಲ;
ದಂಡೆಯ ಮೇಲೆ ನಡೆದು ಕಾಲುವೆಯ ದೋಣಿ ಎಳೆದ ಪ್ರಾಣಿಯ ನೆನಪಿಗೆ
ಮುತ್ತಜ್ಜಂದಿರು ಇಟ್ಟದ್ದು.
ಹೇಸರಗತ್ತೆಗೆ ಮರಿಯಾಗುವುದಿಲ್ಲವೆಂದು
ಆಗ ಯಾರಿಗೂ ಹೊಳೆಯಲಿಲ್ಲ.
ಹೋದ ಬೇಸಿಗೆ ನೂರಾ ಮೂರು ಸೋಲು.

"ಮೊದಲು ಹೋಲ್ಕಂಬ್‌ನನ್ನು ಮಾರಲಿ. ಮೂವತ್ನಾಲ್ಕು ವರ್ಷ,
ಎಡಗೈ ಎಸೆತ, ಮೊಣಕೈಗೆ ಎರಡು ಸಲ ಕತ್ತರಿ ಬಿದ್ದಿದೆ.
ಬೆಲೆ ಇರೋದು ಈಗಲೇ.
ಹತ್ತೊಂಬತ್ತರ ಹುಡುಗರು ಬರಲಿ. ಐದು ವರ್ಷ ಕಾಯೋಣ."

ಐದು ವರ್ಷ ಅಂದದ್ದಕ್ಕೆ ಯಂತ್ರವೊಂದು ಕುಂಯ್ ಅಂತು.
ಡೆಲ್ಫೀನಳದು. ಕೊಳವೆ ಮಡಚಿಕೊಂಡಿತ್ತು, ಅಷ್ಟೆ.
ಮರಿಬೆಲ್ ಬಂದು ನೇರ ಮಾಡಿದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ!" ಡೆಲ್ಫೀನ್ ಅಂದಳು.
ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದ ದನಿ.
"ಹೋದ ಸಲದ ಐದು ವರ್ಷ ಎಲ್ಲಿ ಹೋಯ್ತು?
ಆ ಹುಡುಗರಲ್ಲಿ ಒಬ್ಬ ಈಗ ವಿಮೆ ಮಾರ್ತಾನೆ,
ನನ್ನ ಸೊಸೆಗೇ ಮಾರಿದ.
ನನಗೆ ಈ ಏಪ್ರಿಲ್‌ನಲ್ಲಿ ಗೆಲುವು ಬೇಕು.
ದುಡ್ಡು ಚೆಲ್ಲಿ ಒಬ್ಬ ಷಾರ್ಟ್‌ಸ್ಟಾಪ್ ತರಲಿ,
ಕಾಲ ಸಂದಿಯಲ್ಲಿ ಚೆಂಡು ಬಿಡದವನನ್ನ."

ಒಸ್ವಾಲ್ಡೊ ಬಲಗೈ ಎತ್ತಿದ. ಹಸಿಶುಂಠಿಯಂಥ ಬೆರಳು,
ಕೆಳದರ್ಜೆಯ ಲೀಗಿನಲ್ಲಿ ಎರಡು ಬೇಸಿಗೆ ಕ್ಯಾಚರ್ ಆಗಿದ್ದವನು.
"ಎಸೆಯೋರು ಸಿಗ್ತಾರೆ, ಹಿಡಿಯೋನನ್ನ ಹುಡುಕಿ.
ಇಡೀ ಮೈದಾನ ಎದುರಿಗೆ ಕಾಣೋದು ಅವನೊಬ್ಬನಿಗೆ.
ಮಿಕ್ಕ ಎಂಟು ಜನ ಅವನ ಮುಖ ನೋಡ್ಕೊಂಡು ನಿಂತಿರ್ತಾರೆ."

ನಾನು ಶಾಲೆಯ ಬಸ್ಸು ಓಡಿಸಿದವ, ಕನ್ನಡಿಯಲ್ಲೇ ನೋಡಿ ಅಭ್ಯಾಸ.
"ಎತ್ತು ಏರಿಗೆ, ಕೋಣ ನೀರಿಗೆ," ಅಂದೆ,
"ಮೊದಲು ಮಾಲೀಕನನ್ನ ಬದಲಾಯಿಸಿ."
ಆ ಬೆಳಗಿನ ಏಕೈಕ ಒಮ್ಮತ.
ಮರಿಬೆಲ್ ಕೂಡ ನಕ್ಕಳು, ಅವಳಿಗೆ ಬೇಸ್‌ಬಾಲ್ ಅಂದರೆ
ನಮ್ಮ ರಕ್ತದೊತ್ತಡ ಏರಿಸುವ ವಸ್ತು.

ಮೂರನೆಯ ಗಂಟೆ. ಮೂಲೆಯ ಟೀವಿಯಲ್ಲಿ, ಸದ್ದಿಲ್ಲದೆ,
ಕೆಳಗೆ ಓಡುವ ಪಟ್ಟಿಯಲ್ಲಿ, ಚಳಿಗಾಳಿಯ ಎಚ್ಚರಿಕೆಯ ಹಿಂದೆಯೇ:
ಹೋಲ್ಕಂಬ್ ಹೋದ. ಪಶ್ಚಿಮದ ಯಾವುದೋ ತಂಡಕ್ಕೆ.
ಬದಲಿಗೆ ಒಬ್ಬ ಹುಡುಗ,
ಮತ್ತು ಹೆಸರು ಆಮೇಲೆ ತಿಳಿಸಲಾಗುವ ಇನ್ನೊಬ್ಬ ಆಟಗಾರ.

ಗೆದ್ದೆ ಅಂತ ಕಾಜ್ಮರ್ಸ್ಕಿ ಕೂಗುತ್ತಾನೆಂದು ಕಾದೆವು.
ಕಂಬಳಿ ಗಲ್ಲದವರೆಗೆ ಎಳೆದುಕೊಂಡ.
ಆಮೇಲೆ, ಯಾರೂ ಕೇಳದೆ:
"ಮಳೆಯಲ್ಲಿ ಒಂಬತ್ತು ಇನ್ನಿಂಗ್ಸ್ ಎಸೆದಿದ್ದ, ಒಬ್ಬನೇ.
ಐರೀನಾ ಪೆನ್ಸಿಲಿನಲ್ಲಿ ಲೆಕ್ಕ ಬರೀತಿದ್ಳು.
ಹಾಳೆ ನೆನೆದು ಏಳನೇ ಇನ್ನಿಂಗ್ಸ್ ಅಳಿಸಿಹೋಗಿದೆ."
ಯಂತ್ರಗಳು ತಿರುಗಿದವು.
ಐರೀನಾಳ ಬಗ್ಗೆ ನಮಗೆ ಗೊತ್ತಿತ್ತು, ಕೇಳಲಿಲ್ಲ.

"ಹೆಸರು ಆಮೇಲೆ ಅಂದರೇನು?" ಮರಿಬೆಲ್.
"ನಾನೂ ಒಮ್ಮೆ ಹಾಗೇ ಮಾರಾಟವಾಗಿದ್ದೆ," ಒಸ್ವಾಲ್ಡೊ ಅಂದ,
"ಎರಡು ತಿಂಗಳು, ನಾನೇ ಅದು ಅಂತ ನನಗೇ ಗೊತ್ತಿರಲಿಲ್ಲ."

ಒಂಬತ್ತೂವರೆಗೆ ಸೂಜಿ ತೆಗೆದರು. ಅರಳೆ ಒತ್ತಿ ಹಿಡಿದು
ಒಬ್ಬೊಬ್ಬರಾಗಿ ತಕ್ಕಡಿ ಹತ್ತಿದೆವು,
ಒಂದೂವರೆ, ಎರಡು ಕಿಲೋ ನೀರು ಕಡಿಮೆ.
ಡೆಲ್ಫೀನ್ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು,
ಹೇಸರಗತ್ತೆಯ ಚಿತ್ರದ ದಾರ ಬಿಚ್ಚಿ ಜೋಲಾಡುತ್ತಿತ್ತು.
ಬಾಗಿಲಲ್ಲಿ ನಿಂತಳು.

"ಬರೋ ಹುಡುಗ, ಅವನೂ ಎಡಗೈಯವನಾ?"

ಗೊತ್ತಿಲ್ಲ, ಅಂದ ಕಾಜ್ಮರ್ಸ್ಕಿ.
ಶುಕ್ರವಾರಕ್ಕೆ ತಿಳ್ಕೊಂಡು ಬರ್ತೀನಿ.