ಇಪ್ಪತ್ತೆರಡನೇ ಪುಟದ ಮೀನು

ಕೋಡಿಯಾಕ್ ದ್ವೀಪ, ಮೂರನೇ ತರಗತಿ, ಫೆಬ್ರವರಿ.
ಕಿಟಕಿಯಾಚೆ ಬೋಟುಗಳು ಹಿಮ ಹೊದ್ದು ಕೂತಿವೆ.
ಕಥೆಪುಸ್ತಕ ಕೊಟ್ಟರೆ ಸಿಮಿಯನ್‌ಗೆ ಹೊಟ್ಟೆನೋವು;
ರಾಜಕುಮಾರಿ ಎದ್ದರೆಷ್ಟು, ಮಲಗಿದರೆಷ್ಟು ಅವನಿಗೆ.
ಅವನು ಬರೆದ ಬಿ ಎಲ್ಲ ಡಿ ಆಗಿ ಹೊರಳುತ್ತವೆ,
ಕೆಂಪು ಶಾಯಿಯಲ್ಲಿ ನಾನು ತಿರುಗಿಸುತ್ತೇನೆ,
ಅವು ಮತ್ತೆ ಹೊರಳುತ್ತವೆ.

ಇವತ್ತು ಅಂಚೆಯಲ್ಲಿ ವಿಜ್ಞಾನದ ಮಾಸಪತ್ರಿಕೆ,
ಹದಿನೇಳು ಪ್ರತಿ, ಇನ್ನೂ ಅಚ್ಚಿನ ವಾಸನೆ.
ಇಪ್ಪತ್ತೆರಡನೇ ಪುಟದಲ್ಲಿ ಹ್ಯಾಲಿಬಟ್ ಮೀನು,
ಬಾಗಿಲಷ್ಟು ಅಗಲ.
ಸಿಮಿಯನ್ ಬೆರಳಿಟ್ಟ. ಚಿತ್ರದ ಕೆಳಗಿನ ಸಾಲನ್ನು
ಮುಳ್ಳು ಬಿಡಿಸಿದಂತೆ ಒಂದೊಂದೇ ಪದ ಬಿಡಿಸಿದ:
ಎರಡೂ… ಕಣ್ಣು… ಬಲ… ಮಗ್ಗುಲಲ್ಲಿ.
ಮತ್ತೆ ಚಿತ್ರ. ಮತ್ತೆ ಸಾಲು.

"ಮಿಸ್, ಫೋಟೋ ತಿರುವಿ ಹಾಕಿದ್ದಾರೆ.
ಅಪ್ಪನ ಬೋಟಿನಲ್ಲಿ ಒಂದೂ ಹೀಗೆ ನೋಡಿಲ್ಲ."

ಹೌದು, ಕಣ್ಣೆರಡೂ ಎಡಕ್ಕೆ.
ಹನ್ನೊಂದು ವರ್ಷ ಇದೇ ಮೀನು ತಿಂದವಳು ನಾನು,
ಅದರ ಮುಖ ನೋಡಿರಲಿಲ್ಲ.

ಊಟದ ಗಂಟೆ ಹೊಡೆದರೂ ಏಳಲಿಲ್ಲ ಹುಡುಗ.
ಸಂಪಾದಕರಿಗೆ ಪತ್ರ, ಏಳು ಸಾಲು,
ಬಿ ಮೂರು ಕಡೆ ಡಿ ಆಗಿದೆ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಮುಚ್ಚಿದೆ.
ಅಂಚೆಚೀಟಿ ನಾನೇ ಅಂಟಿಸಿದೆ,
ಸ್ವಲ್ಪ ಸೊಟ್ಟಗೆ.