ಎಂಟು ನಿಮಿಷ

ಎಡತೋಳು ಚಾಚು, ಬೆನ್ಯಾತ್.
ನಿನ್ನದೇ ರಕ್ತ, ಮೂರು ಚಮಚೆಯಷ್ಟು ಸಾಕು.
ಸೂಜಿ ಕಂಡರೆ ಮುಖ ತಿರುಗಿಸುತ್ತೀಯಲ್ಲೋ,
ಬರಿಗೈಯಲ್ಲಿ ತೊಗಲಿನ ಚೆಂಡು ಬಾರಿಸಿ
ಅಂಗೈ ಬಾತರೂ ಮಿಸುಕದವನು.

ಮಾರ್ಚಿಯ ಆ ಭಾನುವಾರ ನಾನೂ ಅಲ್ಲಿದ್ದೆ,
ಟೊಲೋಸಾದ ಪೆಲೋಟಾ ಅಂಗಣದ ಮೂರನೇ ಸಾಲಿನಲ್ಲಿ,
ನಿನ್ನ ಮೇಲೆ ಐವತ್ತು ಯೂರೋ ಕಟ್ಟಿ.
ಹದಿನೆಂಟು, ಹದಿನಾರು.
ಗೋಡೆಯಿಂದ ಚೆಂಡು ಬಂತು,
ನಿನ್ನ ಮೊಣಕೈ ಬರಲಿಲ್ಲ.
ಇದನ್ನು ನಿನಗೆ ಹೇಳುವುದಿಲ್ಲ.
ದಾದಿಯ ಬಾಯಿಗೆ ಬೀಗ.

ಯಂತ್ರ ಗಿರ್ರನೆ ತಿರುಗುತ್ತದೆ.
ಇಬ್ಬರೂ ಸುಮ್ಮನೆ ಕೂತಿದ್ದೇವೆ
ಹಾಲು ಒಡೆಯಲೆಂದು ಕಾಯುವವರ ಹಾಗೆ.
ನಿನ್ನಮ್ಮ ಬೆಟ್ಟದ ಮೇಲೆ ಕುರಿಹಾಲಿನ ಚೀಸ್ ಮಾಡುತ್ತಾಳಂತೆ,
ಅವಳಿಗಾದರೆ ಇದು ಗೊತ್ತಾಗುತ್ತಿತ್ತು:
ಕೆಂಪು ತಳಕ್ಕೆ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ,
ನಡುವೆ ಉಗುರಂಚಿನಷ್ಟು ಮಬ್ಬು ಗೆರೆ.
ಅಲ್ಲೇ ಇದ್ದಾವೆ
ಕರೆಯದಿದ್ದರೂ ಗಾಯಕ್ಕೆ ಓಡುವ ಸಣ್ಣ ಆಳುಗಳು.

"ವಾಸಿಯಾಗುತ್ತದಾ?"
ಡಾಕ್ಟರ್ ಗರಾಜಿ ಸುಳ್ಳಾಡುವವಳಲ್ಲ.
"ಕೆಲವರಿಗಾಗಿದೆ. ಮದ್ದಿನಿಂದಲೋ
ಬರೀ ದಿನ ಕಳೆದದ್ದರಿಂದಲೋ, ಆಣೆ ಮಾಡಲಾರೆ,"
ಎನ್ನುತ್ತ ಪರದೆಯ ಬೂದಿಯಲ್ಲಿ
ಎಳೆ ಬಿಟ್ಟ ಸ್ನಾಯುರಜ್ಜು ಹುಡುಕುತ್ತಾಳೆ,
ಮಂಚದಡಿ ಕೈಯಾಡಿಸಿ ಗುಂಡಿ ಹುಡುಕಿದಂತೆ.

ಸೂಜಿ ಇಳಿಯಿತು.
ಮನೆಯಲ್ಲಿ ಬಾಸ್ಕ್ ಆಡುವ ನೀನು
ಬೈಗುಳಕ್ಕೆ ಮಾತ್ರ ಸ್ಪ್ಯಾನಿಷ್ ಹುಡುಕಿದೆ.
ಯಾರನ್ನು ಬೈದೆಯೋ,
ಒಳಗೆ ಹೋದದ್ದೂ ನೀನೇ.

ಆರು ವಾರ ಚೆಂಡು ಮುಟ್ಟಬೇಡ ಅಂದೆ.
ಹ್ಞೂಂ ಎನ್ನುತ್ತೀಯ. ಕಣ್ಣು ಆಗಲೇ
ನನ್ನ ಕೋಣೆಯ ಬಿಳಿಗೋಡೆ ಅಳೆಯುತ್ತಿದೆ,
ಎಷ್ಟು ಎತ್ತರ,
ಯಾವ ಮೂಲೆ.